ನಡುಗಡ್ಡೆಯಲ್ಲಿ ಮೊಸರನ್ನ

ಸಂಡೂರಿನ ನಮ್ಮ ಗಣಿ ಕಚೇರಿಯಲ್ಲಿ ಯಾರಾದರೂ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಿ ಬಂದರೆ ವಾರಗಟ್ಟಲೆ ಅದೇ ಮಾತು. ಎಲ್ಲಿ ತಿಂದೆವು, ಏನು ತಿಂದೆವು, ಸಮುದ್ರಕ್ಕೆ ಮುಖ ಮಾಡಿದ ಹೋಟೆಲಿನಲ್ಲಿ ಕೂತು ಕುಡಿದ ಎಳನೀರು ಎಷ್ಟು ಸಿಹಿ. ಕೇಳಿ ಕೇಳಿ ನನಗೂ ಬಾಯಿ ತುರಿಸುತ್ತದೆ. ನಾವೂ ವರ್ಷಾ ವರ್ಷಾ ರಜೆಗೆ ದ್ವೀಪಕ್ಕೇ ಹೋಗುತ್ತಿದ್ದೆವು ಅನ್ನುತ್ತೇನೆ. ಯಾವ ದ್ವೀಪ ಎಂದು ಕೇಳುತ್ತಾರೆ. ಹಂಪಿಯಲ್ಲಿ ದೋಣಿ ಹತ್ತಿ ಹೊಳೆ ದಾಟಿದರೆ ಸಿಗುವ ನಡುಗಡ್ಡೆ ಅಂದ ಕೂಡಲೇ ಎಲ್ಲರೂ ನಗುತ್ತಾರೆ. ನಗಲಿ ಬಿಡಿ.

ಅಪ್ಪ ಹೊಸಪೇಟೆಯ ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮದು ಪಕ್ಕಾ ವೈಷ್ಣವರ ಮನೆ. ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ, ಹೊರಗೆ ಬೇಯಿಸಿದ ಅನ್ನ ಯಾರೂ ಮುಟ್ಟಿದ್ದಿಲ್ಲ. ಆದರೆ ಅಪ್ಪನಿಗೆ ವಿಪರೀತ ನಾಲಿಗೆ ಚಪಲ. ಅದಕ್ಕೆ ತಾವೇ ಒಂದು ಶಾಸ್ತ್ರ ಮಾಡಿಕೊಂಡಿದ್ದರು: ಊರಿನಲ್ಲಿದ್ದರೆ ಮಡಿ, ಹೊಳೆ ದಾಟಿದರೆ ಯಾತ್ರೆ, ಯಾತ್ರೆಯಲ್ಲಿ ಎಲ್ಲ ನಡೆಯುತ್ತದೆ. ದೋಣಿ ಆಚೆ ದಡ ಮುಟ್ಟಲು ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತೂ ಬೇಕಿರಲಿಲ್ಲ. ಅಷ್ಟರೊಳಗೆ ಅಪ್ಪ ಯಾತ್ರಿಕರಾಗಿಬಿಡುತ್ತಿದ್ದರು.

ಅಪ್ಪನ ಮೆಚ್ಚಿನ ಜಾಗವನ್ನು ನಾವು ಹಾಸಿಗೆ ಹೋಟೆಲು ಅನ್ನುತ್ತಿದ್ದೆವು. ಹುಲ್ಲಿನ ಸೂರು, ನೆಲದ ಮೇಲೆ ಸಾಲಾಗಿ ಹಾಸಿಗೆ, ಮೊಣಕಾಲೆತ್ತರದ ಟೇಬಲ್ಲು, ಎದುರಿಗೆ ಗದ್ದೆ, ಗದ್ದೆಯಾಚೆ ಬಂಡೆಗಳು. ಅದು ಫಾರಿನ್ನಿನವರಿಗಾಗಿ ಮಾಡಿದ್ದು. ಅಲ್ಲಿನ ಮೆನುವಿನಲ್ಲಿ ಅಪ್ಪನಿಗೆ ಅರ್ಥವಾಗುತ್ತಿದ್ದದ್ದು ನೂಡಲ್ಸ್ ಒಂದೇ. ಈರುಳ್ಳಿ, ಬೆಳ್ಳುಳ್ಳಿ ಹಾಕಬ್ಯಾಡ್ರಿ ಎಂದು ಅಡುಗೆಮನೆಯ ಬಾಗಿಲಿನ ತನಕ ಹೋಗಿ ಹೇಳಿ ಬರುತ್ತಿದ್ದರು. ನನಗೆ ಬಾಳೆಹಣ್ಣು ಹಾಕಿದ ದಪ್ಪ ಸಿಹಿ ದೋಸೆ. ಸಂಜೆಗೆ ದೋಣಿಘಟ್ಟದ ಮೇಲಿನ ಹುಣಸೆಮರದ ಕೆಳಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜಿ. ಖಾರಕ್ಕೆ ಮೂಗು ಸೋರುತ್ತಿದ್ದರೂ ಅಪ್ಪ ಇನ್ನೊಂದು ಪ್ಲೇಟು ಹೇಳುತ್ತಿದ್ದರು.

ಅಮ್ಮ ಮಾತ್ರ ಎಲ್ಲೂ ಏನೂ ತಿಂದವಳಲ್ಲ. ಅವಳದು ಸ್ಟೀಲಿನ ಡಬ್ಬಿ, ಅದರಲ್ಲಿ ಹಚ್ಚಿದ ಅವಲಕ್ಕಿ. ಫಾರಿನ್ನಿನವರು ಉದ್ದಕ್ಕೆ ಮಲಗಿಕೊಂಡಿರುವ ಅದೇ ಹಾಸಿಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ತನ್ನ ಡಬ್ಬಿಯಿಂದ ತಾನು ತಿನ್ನುತ್ತಿದ್ದಳು. ಅಪ್ಪ ಎಷ್ಟು ಚುಡಾಯಿಸಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಕೆಲವು ವರ್ಷಗಳ ಮೇಲೆ ಅಮ್ಮನಿಗೆ ಕ್ಯಾನ್ಸರ್ ಬಂತು. ಬಳ್ಳಾರಿಯಲ್ಲಿ ಕೀಮೊ ಶುರುವಾಯಿತು. ಔಷಧಿ ರೋಗಕ್ಕೆ ಏನು ಮಾಡಿತೋ ಗೊತ್ತಿಲ್ಲ, ಬಾಯಿಯನ್ನಂತೂ ಸುಟ್ಟುಹಾಕಿತು. ನಾಲಿಗೆ, ಒಸಡು, ಗಂಟಲು ಎಲ್ಲ ಹುಣ್ಣು. ಸಾರು ಉರಿಯುತ್ತದೆ, ರೊಟ್ಟಿ ಚುಚ್ಚುತ್ತದೆ, ಹಾಲಿನ ವಾಸನೆಗೇ ವಾಕರಿಕೆ. ತೂಕ ಇನ್ನೂ ಇಳಿದರೆ ಮುಂದಿನ ಸುತ್ತಿನ ಔಷಧಿ ಕೊಡಲು ಬರುವುದಿಲ್ಲ, ಹೇಗಾದರೂ ಉಣ್ಣಿಸಿ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ನೋವಿಲ್ಲದೆ ಅಮ್ಮನ ಗಂಟಲಲ್ಲಿ ಇಳಿಯುತ್ತಿದ್ದದ್ದು ಒಂದೇ ಒಂದು, ಮೆತ್ತಗೆ ಕಲಸಿದ ತಣ್ಣನೆಯ ಮೊಸರನ್ನ. ಅದನ್ನೇ ಎರಡು ಹೊತ್ತು ಕೊಟ್ಟು ಹೇಗೋ ಅವಳನ್ನು ಹಿಡಿದು ನಿಲ್ಲಿಸಿದ್ದೆ.

ಅಷ್ಟರಲ್ಲಿ ದಧಿವ್ರತದ ತಿಂಗಳು ಬಂತು. ನಮ್ಮವರಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಒಂದೊಂದು ತಿಂಗಳಿಗೆ ಒಂದೊಂದನ್ನು ಬಿಡುತ್ತಾರೆ: ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆ. ಅಮ್ಮ ಮದುವೆಯಾಗಿ ಬಂದ ವರ್ಷದಿಂದ ಒಮ್ಮೆಯೂ ತಪ್ಪಿಸಿದವಳಲ್ಲ. ಆ ತಿಂಗಳು ಶುರುವಾಗುವ ದ್ವಾದಶಿಯ ಬೆಳಿಗ್ಗೆ ನಾನು ಬಟ್ಟಲು ಹಿಡಿದು ಹೋದರೆ ಬ್ಯಾಡ ಅಂದಳು. ಇವತ್ತಿನಿಂದ ಮೊಸರಿಲ್ಲ ಅಂದಳು. ಮಜ್ಜಿಗೆ ನಡೆಯುತ್ತದೆ ನಿಜ, ಆದರೆ ನೀರಾದದ್ದು ಯಾವುದೇ ಇರಲಿ ನೆತ್ತಿಗೇರಿ ಕೆಮ್ಮು ಬಂದು ಒದ್ದಾಡಿಬಿಡುತ್ತಿದ್ದಳು.

ಮಠದ ಆಚಾರ್ಯರಿಗೆ ಫೋನು ಮಾಡಿದೆ. ರೋಗಿಗಳಿಗೆ ಯಾವ ವ್ರತವೂ ಇಲ್ಲ, ಧಾರಾಳವಾಗಿ ಕೊಡಿ ಅಂದರು. ಫೋನನ್ನು ಅಮ್ಮನ ಕಿವಿಗೇ ಹಿಡಿದೆ. ಹೂಂ ಹೂಂ ಎಂದು ಎಲ್ಲ ಕೇಳಿಸಿಕೊಂಡಳು, ನಮಸ್ಕಾರ ಹೇಳಿದಳು, ಗೋಡೆ ಕಡೆ ತಿರುಗಿ ಮಲಗಿದಳು. ಸಿಟ್ಟು ನೆತ್ತಿಗೇರಿತು ನನಗೆ. ಯಾರ ಮೇಲೆ ಅಂತ ತೀರಿಸಿಕೊಳ್ಳಲಿ? ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಎತ್ತಿ ಹಾಕಿದೆ.

ನಡುಗಡ್ಡೆ ನೆನಪಾದದ್ದು ಆಗ. ಅಪ್ಪನ ಶಾಸ್ತ್ರವಿತ್ತಲ್ಲ, ಹೊಳೆ ದಾಟಿದರೆ ಎಲ್ಲ ನಡೆಯುತ್ತದೆ ಅಂತ. ಅದೇ ಶಾಸ್ತ್ರದ ಮೇಲೆ ಅಮ್ಮನನ್ನು ಉಣ್ಣಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಬುದ್ಧಿ ಕೆಟ್ಟವರ ಯೋಚನೆ ಅಂದರೆ ಅನ್ನಿ. ಕಚೇರಿಗೆ ರಜೆ ಹಾಕಿದೆ, ಹೊಸಪೇಟೆಯಿಂದ ಕಾರು ಮಾಡಿಕೊಂಡು ಅಮ್ಮನನ್ನು ಹಂಪಿಗೆ ಕರೆದೊಯ್ದೆ. ಡ್ಯಾಂನ ಗೇಟು ಇನ್ನೂ ತೆಗೆದಿರಲಿಲ್ಲ, ದೋಣಿ ನಡೆಯುತ್ತಿತ್ತು. ಅಮ್ಮನನ್ನು ಇಬ್ಬರು ಹಿಡಿದು ದೋಣಿಯಲ್ಲಿ ಕೂರಿಸಬೇಕಾಯಿತು. ಚಾತುರ್ಮಾಸದಲ್ಲಿ ಸ್ವಾಮಿಗಳೂ ಹೊಳೆ ದಾಟುವುದಿಲ್ಲ, ನೀನು ನನ್ನನ್ನು ದಾಟಿಸುತ್ತಿದ್ದೀ ಎಂದು ನಡುನೀರಿನಲ್ಲಿ ಅಮ್ಮ ಚಾಷ್ಟಿ ಮಾಡಿದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ತಮಾಷೆ ಅದು. ಗೆದ್ದೆ ಅಂದುಕೊಂಡೆ.

ಹಾಸಿಗೆ ಹೋಟೆಲಿನ ಪಕ್ಕದಲ್ಲೇ ಒಂದು ಕೋಣೆ ಹಿಡಿದೆ. ಮಧ್ಯಾಹ್ನ ಹೋಟೆಲಿನಲ್ಲಿ ದಿಂಬು ಕೊಟ್ಟು ಅಮ್ಮನನ್ನು ಒರಗಿಸಿದೆ. ಈ ಸಲ ಡಬ್ಬಿ ತಂದಿರಲಿಲ್ಲ. ಹೊರಗಿನದನ್ನು ತಿನ್ನುತ್ತೇನೆ, ಮೈ ಸರಿಯಿಲ್ಲದಾಗ ಮಡಿ ನೋಡಲಾಗುವುದಿಲ್ಲ ಎಂದು ಅವಳೇ ಹೇಳಿದಳು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಓಡಿಹೋಗಿ ಅನ್ನ, ಮೊಸರು ಹೇಳಿದೆ, ಜೊತೆಗೆ ಬೇರೆ ಏನೇನೋ ಹೇಳಿದೆ. ತಟ್ಟೆಗಳು ಬಂದವು. ಅಮ್ಮ ಮೊಸರಿನ ಬಟ್ಟಲನ್ನು ಬೆರಳ ತುದಿಯಿಂದ ಮೆಲ್ಲಗೆ ಆಚೆ ಸರಿಸಿ, ಬಾಳೆಹಣ್ಣಿನ ದೋಸೆಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಉಗುಳಿದಳು. ಸೆರಗಿಗೆ ರಕ್ತದ ಕಲೆ ಹತ್ತಿತು.

ಮರುದಿನ ನಡುಗಡ್ಡೆಯಲ್ಲಿ ನಾನು ತಿರುಗದ ಜಾಗವಿಲ್ಲ. ಒಂದು ಕಡೆ ಗಂಜಿ ಮಾಡಿಸಿದೆ, ಅರ್ಧ ಲೋಟ ಹೋಗುವಷ್ಟರಲ್ಲಿ ಕೆಮ್ಮು. ಇನ್ನೊಂದು ಕಡೆ ಇಡ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೊಟ್ಟೆ, ಉರಿ ಅಂದಳು. ಹುಣಸೆಮರದ ಕೆಳಗಿನ ಒಗ್ಗರಣೆಯವನು ಅಪ್ಪನನ್ನು ನೆನೆಸಿಕೊಂಡು, ದುಡ್ಡು ಬೇಡವೆಂದು, ಮಂಡಕ್ಕಿ ನೆನೆಸಿ ಹಿಂಡಿ ಖಾರವಿಲ್ಲದೆ ಮಾಡಿಕೊಟ್ಟ. ಅದೂ ಇಳಿಯಲಿಲ್ಲ. ಚಿಕ್ಕವಳಿದ್ದಾಗಿನಿಂದ ನನ್ನ ಬಾಯಲ್ಲಿ ನೀರೂರಿಸಿದ ಜಾಗಗಳಲ್ಲೆಲ್ಲ ಅಮ್ಮ ಬಾಯಿಗೆ ಸೆರಗು ಹಿಡಿದು ಕೂತಳು. ರಾತ್ರಿ ಅವಳ ಕೈ ಹಿಡಿದರೆ ಬಳೆ ಮೊಣಕೈ ತನಕ ಜಾರಿತು. ನನಗೆ ಹೆದರಿಕೆಯಾಯಿತು, ಭಾಳ ಹೆದರಿಕೆಯಾಯಿತು.

ಬೆಳಿಗ್ಗೆ ದೋಣಿಯವನು ಬಂದು, ಮೇಲೆ ಮಳೆ ಜೋರಾಗಿದೆ, ಸಂಜೆಯೊಳಗೆ ಡ್ಯಾಂ ಗೇಟು ತೆಗೆಯುತ್ತಾರಂತೆ, ಆಮೇಲೆ ದೋಣಿ ನಿಲ್ಲುತ್ತದೆ, ಕಂಪ್ಲಿ ಸುತ್ತಿ ಹೋಗುವುದಕ್ಕೂ ಅಲ್ಲಿನ ಸೇತುವೆ ಮುಳುಗಿದರೆ ಕಷ್ಟ, ಮಧ್ಯಾಹ್ನದೊಳಗೆ ಹೊರಟುಬಿಡಿ ಎಂದು ಹೇಳಿ ಹೋದ. ಎರಡು ದಿನ ಬಿಟ್ಟು ಬಳ್ಳಾರಿಯಲ್ಲಿ ತೂಕ ನೋಡುವವರಿದ್ದರು. ಊರಿಗೆ ಹೋದರೆ ಮತ್ತೆ ಮಡಿ, ಮತ್ತೆ ಗೋಡೆ ಕಡೆ ತಿರುಗಿ ಮಲಗುವುದು. ಹೊಳೆ ದಾಟಿ ವಾಪಸ್ ಹೋದಮೇಲೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ದೋಣಿಘಟ್ಟಕ್ಕೆ ಹೊರಟ ದಾರಿಯಲ್ಲಿ ಒಬ್ಬ ಹೆಂಗಸು ಮನೆಯ ಕಟ್ಟೆಯ ಮೇಲೇ ಊಟ ಹಾಕುತ್ತಿದ್ದಳು. ಎಮ್ಮಿಗನೂರಿನಿಂದ ಮದುವೆಯಾಗಿ ಬಂದವಳು, ಗಂಡನಿಗೆ ಅಲ್ಲೇ ಒಂದಿಷ್ಟು ಗದ್ದೆ. ಅಮ್ಮ ನಡೆಯಲಾಗದೆ ಆ ಕಟ್ಟೆಯ ಮೇಲೆ ಕೂತುಬಿಟ್ಟಳು. ಆ ಹೆಂಗಸು ಅಮ್ಮನ ಮುಖ ನೋಡಿ, ಏನನ್ನೂ ಕೇಳದೆ, ಮೆತ್ತಗಿನ ಅನ್ನಕ್ಕೆ ಗಡಿಗೆಯಿಂದ ಗಟ್ಟಿ ಮೊಸರು ಹಾಕಿ ಕಲಸಿ ತಂದಿಟ್ಟಳು. ಅದರ ವಾಸನೆಗೆ ಅಮ್ಮನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದನ್ನು ನಾನು ನೋಡಿದೆ. ಅವಳಿಗೆ ಹಸಿವಿತ್ತು. ಬೇಕಾಗಿತ್ತು ಅವಳಿಗೆ. ಆದರೂ ಬ್ಯಾಡವ್ವ ಅಂದು ತಟ್ಟೆ ಸರಿಸಿದಳು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಅಮ್ಮನ ಮೇಲೆ ಕೂಗಾಡಿದೆ. ಹುಟ್ಟಿದಾಗಿನಿಂದ ಕಟ್ಟಿಕೊಂಡ ಮಡಿಯನ್ನು ಬಿಟ್ಟೆ, ಕಂಡವರ ಮನೆ ಅನ್ನಕ್ಕೆ ಕೂತೆ, ಈ ಒಂದು ಹಿಡಿ ಮೊಸರಿನ ವ್ರತ ಬಿಡಲಾರೆಯಾ, ನನ್ನನ್ನು ಅನಾಥೆ ಮಾಡಿ ಯಾವ ವೈಕುಂಠಕ್ಕೆ ಹೋಗುತ್ತೀ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹುಣ್ಣಿನ ಬಾಯಲ್ಲಿ ಒಂದೊಂದೇ ಮಾತು ಎತ್ತಿ ಇಟ್ಟಳು.

"ಮಡಿ ನಿಮ್ಮ ಅಜ್ಜಿ ಹೇಳಿದ್ದು, ಅದನ್ನ ಬಿಟ್ಟೆ. ಇದು ನಾ ಬಾಯಿಬಿಟ್ಟು ಸಂಕಲ್ಪ ಮಾಡಿದ್ದು. ಕೂದಲಾ ಹೋತು, ಕಸುವಾ ಹೋತು, ಮೈ ಅಂತೂ ಡಾಕ್ಟರ ಕೈಯಾಗದ. ಇದೊಂದರ ನನ್ನ ಕೈಯಾಗ ಇರ್ಲಿ ಬಿಡ."

ನಾನು ಕಟ್ಟೆಯ ಮೇಲೆ ಕೂತು ಅತ್ತೆ. ಆ ಹೆಂಗಸು ತಟ್ಟೆಯನ್ನು ಒಳಗೆ ಒಯ್ಯಲಿಲ್ಲ, ನೊಣ ಬೀಳದ ಹಾಗೆ ಮೇಲೆ ಒಂದು ಮುಚ್ಚಳ ಇಟ್ಟು, ದೂರ ನಿಂತಳು. ಅಮ್ಮ ನನ್ನ ಕಡೆ ತಿರುಗಿದಳು. ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ: ಮೈಯಲ್ಲಿ ಆಗದವರ ವ್ರತವನ್ನು ಮನೆಯವರು ಯಾರಾದರೂ ಅವರ ಬದಲಿಗೆ ಹಿಡಿಯಬಹುದು. ಆಚಾರ್ಯರು ಅದನ್ನು ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ದೇವರ ಮನೆಗೆ ಕಾಲಿಡದವಳು ನಾನು, ಮೊಸರಿಲ್ಲದೆ ಊಟ ಮುಗಿಸದವಳು. ನನ್ನನ್ನು ಯಾರು ಕೇಳುತ್ತಾರೆ?

"ನೀ ಹಿಡಿತೀ ಏನು?" ಅಂದಳು ಅಮ್ಮ.

ಹೂಂ ಅಂದೆ. ಬಂಡೆ ನುಂಗು ಅಂದಿದ್ದರೂ ಹೂಂ ಅನ್ನುತ್ತಿದ್ದೆ. ಅಮ್ಮ ಲೋಟದಿಂದ ನನ್ನ ಬೊಗಸೆಗೆ ನೀರು ಹಾಕಿ, ಮಾತು ಹೇಳಿಕೊಟ್ಟಳು. ನನ್ನ ತಾಯಿಯ ಬದಲಿಗೆ ನಾನು ಎಂದು ಹೇಳಿ ನೀರು ಬಿಟ್ಟೆ.

"ಕೊಟ್ಟಿಲ್ಲ ಮತ್ತ. ಇಟಗೋ ಅಂದೀನಿ. ಆರಾಮಾದ ಮ್ಯಾಲೆ ವಾಪಸ್ ತಗೋತೀನಿ" ಅಂದಳು. ತಟ್ಟೆ ಎಳೆದುಕೊಂಡಳು. ಮೊದಲ ತುತ್ತು ಬಾಯಿಗಿಟ್ಟಳು. ಇಳಿಯಿತು. ಎರಡನೆಯದೂ ಇಳಿಯಿತು. ಉಪ್ಪು ಕಡಿಮೆಯಾಗಿದೆ ಎಂದು ತಪ್ಪು ಹುಡುಕಿದಳು. ಆ ಮಾತಿಗೆ ನನಗಾದ ಸಂತೋಷ ಜೀವಮಾನದಲ್ಲಿ ಇನ್ನಾವುದಕ್ಕೂ ಆಗಿಲ್ಲ. ತಟ್ಟೆ ಖಾಲಿ ಮಾಡಿ, ಇನ್ನೊಂದು ಸೌಟು ಹಾಕಿಸಿಕೊಂಡಳು. ಆ ಕಟ್ಟೆಯಷ್ಟು ಒಳ್ಳೆಯ ಊಟದ ಜಾಗ ಯಾವ ಸಮುದ್ರದ ದ್ವೀಪದಲ್ಲೂ ಇರಲಾರದು, ಬೇಕಾದರೆ ಬಾಜಿ ಕಟ್ಟುತ್ತೇನೆ.

ತೂಕ ನಿಂತಿತು. ಆ ಸುತ್ತಿನ ಔಷಧಿ ಆಯಿತು, ಅದರ ಮುಂದಿನದೂ ಆಯಿತು. ಔಷಧಿಗೆ ರೋಗ ಬಗ್ಗಲಿಲ್ಲ. ಸಂಕ್ರಾಂತಿ ಇನ್ನೂ ದೂರವಿರುವಾಗಲೇ ಅಮ್ಮ ಹೋದಳು. ಕೊನೆಕೊನೆಗೆ ಮಾತು ನಿಂತಿತ್ತು. ಇಟ್ಟುಕೋ ಅಂದಿದ್ದ ವ್ರತವನ್ನು ವಾಪಸ್ ಕೇಳಲೇ ಇಲ್ಲ.

ಮುಂದಿನ ಆಷಾಢದಲ್ಲಿ, ಹೇಗೋ ವಿಷಯ ತಿಳಿದ ಆಚಾರ್ಯರೇ ಫೋನು ಮಾಡಿ, ಆ ವ್ರತ ಆ ವರ್ಷದ ತಿಂಗಳಿಗೇ ಮುಗಿಯಿತು, ನಿನ್ನ ಮೇಲೆ ಏನೂ ಬಾಕಿ ಇಲ್ಲ, ಸುಮ್ಮನೆ ಉಪವಾಸ ವನವಾಸ ಬೇಡ ಅಂದರು. ಗೊತ್ತು. ದೇವರ ಮೇಲೆ ನನಗೆ ಈಗಲೂ ಸಿಟ್ಟೇ. ಆದರೂ ಆ ತಿಂಗಳು ಬಂದರೆ ಕ್ಯಾಂಟೀನಿನಲ್ಲಿ ಮೊಸರಿನ ಬಟ್ಟಲನ್ನು ಆಚೆ ಸರಿಸುತ್ತೇನೆ. ಪಕ್ಕದಲ್ಲಿ ಕೂತವರು, ಏನ್ರೀ ಮೇಡಂ, ನೀವೂ ಭಕ್ತರಾದಿರೇನು ಅನ್ನುತ್ತಾರೆ. ನಾನು ಅನ್ನಕ್ಕೆ ಇನ್ನೊಂದಿಷ್ಟು ಸಾರು ಹಾಕಿಕೊಳ್ಳುತ್ತೇನೆ. ಅಮ್ಮ ಬಂದು ವಾಪಸ್ ಕೇಳಿದರೆ ಅದು ನನ್ನ ಹತ್ತಿರ ಇರಬೇಕಲ್ಲ.