ಪರಸ್ಥಾನಕ್ಕೆ ಇಟ್ಟ ಹ್ಯಾಂಡಲ್

ನಮ್ಮ ಮನೆಯ ಕಾರು ಕಡು ಹಸಿರು ಬಣ್ಣದ್ದು ಎಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಕಪ್ಪು ಎನ್ನುತ್ತಾಳೆ. ಉಳಿದಿರುವುದು ಒಂದೇ ಫೋಟೋ, ಅದರಲ್ಲಿ ಕಾರು, ಅಪ್ಪ, ಹಿಂದಿನ ಗೋಡೆ ಎಲ್ಲವೂ ಬೂದು. ಇಲ್ಲಿ ಬರೆಯುವುದರಲ್ಲಿ ನಾನೇ ಕಂಡದ್ದೆಷ್ಟು, ಮನೆಯವರ ಬಾಯಲ್ಲಿ ಕೇಳಿ ಕೇಳಿ ಕಂಡೆನೆಂದುಕೊಂಡದ್ದೆಷ್ಟು ಎಂದು ಬೇರೆ ಮಾಡಲು ನೋಡಿದ್ದೇನೆ. ಪೂರ್ತಿ ಆಗಿಲ್ಲ.

ಕಾರು ದಂಡಿನಿಂದ, ಅಂದರೆ ಬೆಂಗಳೂರಿನ ಕಂಟೋನ್ಮೆಂಟಿನಿಂದ, ಬಂದದ್ದು ಖಚಿತ. ಸ್ವಾತಂತ್ರ್ಯ ಬಂದ ಮೇಲೆ ಊರಿಗೆ ಹೊರಟ ಒಬ್ಬ ಇಂಗ್ಲಿಷ್ ಅಧಿಕಾರಿ ಅದನ್ನು ಇನ್ನೊಬ್ಬರಿಗೆ ಮಾರಿದ್ದ, ಅವರಿಂದ ಅಪ್ಪ ಕೊಂಡರು. ನಾಲ್ಕು ಬಾಗಿಲು, ಮುಂದಕ್ಕೆ ಚಾಚಿದ ಉದ್ದ ಮೂತಿ, ಚರ್ಮದ ಸೀಟು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಕಚೇರಿಗೆ ಮಾತ್ರ ಸೈಕಲ್ಲಿನಲ್ಲೇ ಹೋಗುತ್ತಿದ್ದರು, ಏಕೆಂದರೆ ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕಿತ್ತು.

ಕಾರು ಭಾನುವಾರಕ್ಕೆ ಮೀಸಲು. ಎನ್.ಆರ್. ಕಾಲೋನಿಯ ನಮ್ಮ ಮನೆಯ ಮುಂದೆ ಅಪ್ಪ ಹಳೆಯ ಪಂಚೆ ಮೇಲೆ ಕಟ್ಟಿಕೊಂಡು ಕೂರುತ್ತಿದ್ದರು. ಪ್ಲಗ್ಗುಗಳನ್ನು ಬಿಚ್ಚಿ ಪೆಟ್ರೋಲಿನಲ್ಲಿ ನೆನೆಹಾಕಿ, ತಂತಿಯ ಬ್ರಷ್ಷಿನಿಂದ ಮಸಿ ಕೆರೆದು, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಒರೆಸಿ ಸಾಲಾಗಿ ಜೋಡಿಸುತ್ತಿದ್ದರು. ನಾನು ಆಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಬಲ್ಲವನಿಗೆ ಒಂದು ನಟ್ಟು ಬಿಚ್ಚಲು ಬರುತ್ತಿರಲಿಲ್ಲ. "ಅಲ್ಲಿ ನಿಂತ್ಕೊಂಡು ಥಿಯರಿ ಹೇಳ್ಬೇಡ, ಆ ಸ್ಪ್ಯಾನರ್ ಕೊಡು" ಎನ್ನುತ್ತಿದ್ದರು ಅಪ್ಪ. ನಾನು ತಪ್ಪು ಅಳತೆಯದನ್ನೇ ಕೊಡುತ್ತಿದ್ದೆ.

ದೊಡ್ಡ ಕೆಲಸಗಳಿಗೆ ಚಾಮರಾಜಪೇಟೆಯ ಒಬ್ಬ ಮೇಸ್ತ್ರಿ ಬರುತ್ತಿದ್ದ. ಒಂದು ಸಲ ರೇಡಿಯೇಟರಿನಲ್ಲಿ ಸಣ್ಣ ತೂತಾಗಿ ನೀರು ಸೋರತೊಡಗಿತ್ತು. ಅವನು ಬಗ್ಗಿ ನೋಡಿ, "ಅಮ್ಮಾ, ಒಂದು ಹಿಡಿ ಅರಿಶಿನ ಕೊಡಿ" ಎಂದು ಅಡಿಗೆಮನೆಯ ಕಡೆಗೆ ಕೂಗಿದ. ಪೆಟ್ಟಾಯಿತೇನೋ ಎಂದು ಅಮ್ಮ ಗಾಬರಿಯಿಂದ ಡಬ್ಬಿಯನ್ನೇ ತಂದಳು. ಮೇಸ್ತ್ರಿ ಅದನ್ನು ರೇಡಿಯೇಟರಿಗೆ ಸುರಿದ. ಸೋರುವುದು ನಿಂತಿತು. ನಾನು ಅದರ ವಿವರಣೆ ಕೇಳಿದ್ದಕ್ಕೆ, "ನಿಂತ್ತಲ್ಲ ಸ್ವಾಮಿ, ಇನ್ನೇನ್ ಬೇಕು?" ಎಂದ. ಆಮೇಲೆ ಎಂಜಿನ್ ಕಾದಾಗಲೆಲ್ಲ ನಮ್ಮ ಕಾರಿನಿಂದ ಒಗ್ಗರಣೆಗೆ ಮುಂಚಿನ ಬೇಳೆಕಟ್ಟಿನ ವಾಸನೆ ಬರುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಕಾರು ನಿಲ್ಲುತ್ತಿತ್ತು. ಒಮ್ಮೆ ಮದುವೆಗೆ ಹೋಗುವಾಗ ಅಕ್ಕಿಪೇಟೆಯ ನಡುರಸ್ತೆಯಲ್ಲಿ ನಿಂತುಬಿಟ್ಟಾಗ, ರೇಷ್ಮೆಸೀರೆ ಉಟ್ಟು ಒಳಗೆ ಕುಳಿತ ಅಮ್ಮನನ್ನು ಹಮಾಲಿಗಳೂ ಎತ್ತಿನ ಗಾಡಿಯವರೂ ಮುಕ್ಕಾಲು ಗಂಟೆ ನೋಡಿದರು. ಅಲ್ಲಿ ಕಾರನ್ನು ಪಕ್ಕಕ್ಕೆ ತಳ್ಳಿಸಿದ ಅಕ್ಕಿ ಮಂಡಿಯ ಸಾಹುಕಾರರು, ಕೊಡುವುದಿದ್ದರೆ ತಾವೇ ಕೊಳ್ಳುವುದಾಗಿ ಹೇಳಿದರು. ಅಮ್ಮ ಅದನ್ನು ಮರೆಯಲಿಲ್ಲ. ಅಕ್ಕನನ್ನು ಚೊಚ್ಚಲ ಬಾಣಂತನಕ್ಕೆ ಮಲ್ಲೇಶ್ವರದ ಅತ್ತೆಮನೆಯಿಂದ ಕರೆತರುವ ಮಾತು ಬಂದಾಗ ಅವಳು ಅಪ್ಪನಿಗೆ ಸ್ಪಷ್ಟವಾಗಿ ಹೇಳಿದಳು: "ನೋಡಿ, ಸೋಮವಾರ ಮಗಳು ಇದರಲ್ಲಿ ಸರಿಯಾಗಿ ಮನೆಗೆ ಬಂದ್ಲೋ, ಕಾರು ಇರ್ಲಿ. ಇಲ್ವೋ, ಸಾಯಂಕಾಲ ಸಾಹುಕಾರರು ಬರ್ತಾರೆ, ಹೂಂ ಅನ್ನಿ. ನಾನು ಹೇಳಿ ಕಳಿಸಿದೀನಿ."

 ಆ ಭಾನುವಾರ ಅಪ್ಪ ಕಾರು ಬಿಟ್ಟೇಳದೆ ಊಟಕ್ಕೂ ಎರಡು ಸಲ ಕರೆಸಿಕೊಂಡರು. ಗುಂಡಿ ಒತ್ತಿದರೆ ಎಂಜಿನ್ ಎಬ್ಬಿಸುವ ಸೆಲ್ಫು ಕೆಟ್ಟು ತಿಂಗಳಾಗಿತ್ತು, ಅದರ ಭಾಗ ಮದರಾಸಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ಮುಂದುಗಡೆಯ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಸುತ್ತು ಹೊಡೆದೇ ಎಂಜಿನ್ ಎಬ್ಬಿಸಬೇಕು.

ತೊಡಕು ಬಂದದ್ದು ಪಂಚಾಂಗದಿಂದ. ಅಕ್ಕ ಒಂಬತ್ತೂವರೆಗೆ ಹೊಸಿಲು ದಾಟಬೇಕೆಂದು ಬೀಗರು ಗೊತ್ತುಮಾಡಿದ್ದರು. ಅದಕ್ಕೆ ನಾವು ಎಂಟೂಕಾಲಿಗೆ ಹೊರಡಬೇಕು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅಪ್ಪನ ತಾಯಿ, ನಮ್ಮ ಅಜ್ಜಿ, ಅದಕ್ಕೆ ದಾರಿಯನ್ನೂ ಹೇಳಿದಳು: ಪರಸ್ಥಾನ. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಒಂದು ವಸ್ತುವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ, ಹೋಗುವಾಗ ಅದನ್ನು ಎತ್ತಿಕೊಂಡು ಹೋದರಾಯಿತು.

"ಇವರ ಕೊಡೆ ಇಡೋಣ ಬಿಡಿ ಅತ್ತೆ" ಎಂದಳು ಅಮ್ಮ.

"ಅವನೇನು ನಡ್ಕೊಂಡು ಹೋಗ್ತಾನಾ? ಹೋಗೋದು ಕಾರು. ಕಾರಿಂದೇ ಏನಾದ್ರೂ ಇಡ್ಬೇಕು" ಎಂದಳು ಅಜ್ಜಿ.

ಮೂಢನಂಬಿಕೆಯ ಬಗ್ಗೆ ಆ ದಿನಗಳಲ್ಲಿ ನನಗೆ ತುಂಬ ಮಾತಿತ್ತು. ಗೇಲಿ ಮಾಡುವ ಹುಮ್ಮಸ್ಸಿನಲ್ಲಿ, "ಹಾಗಾದ್ರೆ ಹ್ಯಾಂಡಲ್ ಇಡಿ ಅಜ್ಜಿ. ಅದಿಲ್ದೆ ಕಾರು ಒಂದು ಹೆಜ್ಜೆನೂ ಹೋಗಲ್ಲ" ಎಂದೆ.

ಅಜ್ಜಿ ನನ್ನ ಗಲ್ಲ ಸವರಿದಳು. "ಓದಿದ ಹುಡುಗ ಅಂದ್ರೆ ಇವನು ನೋಡು" ಎಂದು ಅಮ್ಮನಿಗೆ ಹೇಳಿದಳು.

ಮರುದಿನ ಏಳು ಗಂಟೆಗೆ ಆ ಹ್ಯಾಂಡಲ್ಲನ್ನು ನಾಲ್ಕು ಮನೆ ಆಚೆಗಿದ್ದ ನಿವೃತ್ತ ಮೇಷ್ಟ್ರ ಮನೆಗೆ ಒಯ್ದವರು ಅಪ್ಪ ಎಂದು ನನ್ನ ನೆನಪು. ನಾನೇ ಒಯ್ದೆ ಎಂದು ಅಕ್ಕನ ವಾದ. ಅವಳು ಆ ಹೊತ್ತು ಮಲ್ಲೇಶ್ವರದಲ್ಲಿದ್ದಳು, ಅವಳ ಮಾತಿಗೆ ಸಾಕ್ಷಿಯ ಬೆಲೆ ಇಲ್ಲ. ಆದರೆ ಮೇಷ್ಟ್ರ ಹೆಂಡತಿ ಬಾಗಿಲಲ್ಲಿ, "ಎಣ್ಣೆ ಜಿಡ್ಡು, ಕೈ ತೊಳ್ಕೊಂಡು ಹೋಗಪ್ಪಾ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ, ಅಪ್ಪನಿಗೆ ಅವರು ಹಾಗೆ ಹೇಳುವವರಲ್ಲ. ಈ ವಿಷಯವನ್ನು ಇಷ್ಟಕ್ಕೇ ಬಿಡುತ್ತೇನೆ.

ಎಂಟೂಕಾಲಿಗೆ ಅಪ್ಪ ಕೋಟು ತೊಟ್ಟು, ಹಣೆಗೆ ವಿಭೂತಿ ಧರಿಸಿ ಕಾರಿನ ಬಳಿ ನಿಂತರು. ನಾನು ಹ್ಯಾಂಡಲ್ ತರಲು ಹೋದೆ. ಮೇಷ್ಟ್ರ ಮನೆಗೆ ಬೀಗ. ಸೋಮವಾರ ಅಲ್ಲವೇ, ಗಂಡ ಹೆಂಡತಿ ಗವೀಪುರದ ದೇವಸ್ಥಾನಕ್ಕೆ ಹೋಗಿದ್ದರು. ರಾಹುಕಾಲ ಮುಗಿಯದೆ ನಾವು ಹೊರಡುವುದಿಲ್ಲ, ಒಂಬತ್ತಕ್ಕೆ ಬಂದರೆ ಸಾಕು ಎಂದುಕೊಂಡಿದ್ದರಂತೆ. ಪರಸ್ಥಾನ ಇಟ್ಟದ್ದೇ ರಾಹುಕಾಲದಲ್ಲಿ ಹೊರಡುವುದಕ್ಕೆ ಎಂದು ಅವರಿಗೆ ಹೇಳುವುದನ್ನು, ಒಯ್ದವರು ಯಾರೇ ಆಗಿರಲಿ, ಮರೆತಿದ್ದರು.

ಕಿಟಕಿಯಿಂದ ಹ್ಯಾಂಡಲ್ ಕಾಣುತ್ತಿತ್ತು. ಆ ತಾಯಿ ಅದನ್ನು ಒಂದು ಮಣೆಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿದ್ದರು. ಅಪ್ಪನೂ ಬಂದರು. ಅವರ ಕೈಲಿದ್ದ ಕೊಡೆಯ ಕೊಕ್ಕೆಯನ್ನು ಸರಳುಗಳ ನಡುವೆ ತೂರಿಸಿ ನಾನು ಹ್ಯಾಂಡಲ್ಲನ್ನು ಕಿಟಕಿಯವರೆಗೆ ಎಳೆದು ತಂದೆ. ಆದರೆ ಅದು ಎರಡು ಕಡೆ ಬಾಗಿದ ಕಬ್ಬಿಣ. ಹೇಗೆ ತಿರುಗಿಸಿದರೂ ಸರಳಿನಿಂದ ಈಚೆ ಬರಲಿಲ್ಲ.

"ಆ ಕಡೆ ತುದಿ ಮೊದಲು ತಂದ್ರೆ ಜ್ಯಾಮಿತಿ ಪ್ರಕಾರ..." ಎಂದೆ ನಾನು.

"ಜ್ಯಾಮಿತಿ ನಿನ್ನ ತಲೆ!" ಎಂದರು ಅಪ್ಪ. ಅಷ್ಟು ಸಿಟ್ಟಿನಲ್ಲಿ ಅವರನ್ನು ನಾನು ಕಂಡದ್ದು ಕಡಿಮೆ.

ಹಿಂದೆ ಅಮ್ಮ ಬಂದು ನಿಂತಿದ್ದಳು. "ಜಟಕಾ ಕರೆಸ್ಲಾ?" ಎಂದಳು, ಮೆಲ್ಲಗೆ. ಆ ಮೆಲುದನಿಯಲ್ಲಿ ಸಾಹುಕಾರರು ಆಗಲೇ ಕಾರಿನಲ್ಲಿ ಕುಳಿತಿದ್ದರು.

"ಬೇಡ. ತಳ್ಳೋಣ" ಎಂದರು ಅಪ್ಪ.

ನಮ್ಮ ಬೀದಿ ಕೊಂಚ ಇಳಿಜಾರು. ಹಾಲಿನವನು, ಎದುರು ಮನೆಯ ವಕೀಲರು, ಅವರ ಗುಮಾಸ್ತ, ನಾನು ಸೇರಿ ತಳ್ಳಿದೆವು. ಅಜ್ಜಿ ಗೇಟಿನಲ್ಲಿ ನಿಂತು, "ಪರಸ್ಥಾನ ಬಿಟ್ಟು ಹೋಗ್ಬಾರ್ದು ಕಣ್ರೋ!" ಎಂದು ಕೂಗುತ್ತಿದ್ದಳು. "ಕಿಟಕಿವರ್ಗೂ ಬಂದಿದೆ ಅಜ್ಜಿ, ಅರ್ಧ ಎತ್ತಿದ ಹಾಗೇ!" ಎಂದು ನಾನೂ ಕೂಗಿದೆ. ಎರಡನೇ ಗೇರಿನಲ್ಲಿ ಕಾರು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಹೊಗೆ ಬಿಟ್ಟು ಎದ್ದಿತು. ಅಪ್ಪ ನಿಲ್ಲಿಸಲಿಲ್ಲ. ನಾನು ಓಡಿ ಫುಟ್‌ಬೋರ್ಡ್ ಹತ್ತಿ ಒಳಗೆ ಬಿದ್ದೆ.

ಚಾಮರಾಜಪೇಟೆ ದಾಟುವಾಗ ಅಪ್ಪ ಕಷ್ಟ ಏನೆಂದು ವಿವರಿಸಿದರು. ನಿಂತಲ್ಲಿ ಎಂಜಿನ್ ತಾನಾಗಿ ಓಡುತ್ತಿರಲಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಆರಿಹೋಗುತ್ತಿತ್ತು, ಅಕ್ಕನ ಅತ್ತೆಮನೆಯ ಮುಂದೆ ಇಳಿಜಾರಿಲ್ಲ. ಮನೆಗೆ ವಾಪಸು ಬರುವವರೆಗೆ ಅವರು ಸೀಟು ಬಿಟ್ಟು ಏಳುವ ಹಾಗಿಲ್ಲ. ನನಗೆ ಕಾರು ಬಿಡಲು ಬರುತ್ತಿರಲಿಲ್ಲ.

ಮಗಳನ್ನು ಕರೆಯಲು ಬಂದ ತಂದೆ ಬೀಗರ ಮನೆಯೊಳಗೆ ಕಾಲಿಡದೆ ಇದ್ದರೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ನಾನು ಒಳಗೆ ಹೋಗಿ ತೊದಲುತ್ತ ಹೇಳಿದೆ. ಅಕ್ಕನ ಅತ್ತೆ ಸೆರಗು ಸರಿಮಾಡಿಕೊಂಡು ನೇರ ಕಾರಿನ ಬಳಿಗೆ ಬಂದರು.

"ಏನ್ ಬೀಗ್ರೇ, ನಮ್ಮನೆ ಹೊಸ್ಲು ತುಳಿಯಲ್ಲ ಅಂತ ಶಪಥ ಮಾಡ್ಕೊಂಡ್ ಬಂದಿದೀರಾ?"

"ಅಯ್ಯೋ, ಖಂಡಿತ ಇಲ್ಲ ತಾಯಿ. ಕಾಲೆತ್ತಿದ್ರೆ ಕಾರು ನಿಂತ್ಹೋಗತ್ತೆ."

"ನಿಲ್ಲಿ, ಹೊಗೆ ಬರ್ತಿದೆ ಮುಂದಗಡೆ!"

"ಹಬೆ ಅದು. ಒಂದು ಬಿಂದಿಗೆ ನೀರು ಕೊಡಿಸಿದ್ರೆ..."

ಅವರು ಮೂಗು ಅರಳಿಸಿದರು. "ಇದೇನ್ರೀ, ಕಾರು ಸಾರು ಮಾಡ್ತಿದ್ಯಾ?"

ಅರಿಶಿನದ ಕಥೆಯನ್ನು ಅಪ್ಪ ಹೇಳಲೇಬೇಕಾಯಿತು. ಹೇಳುತ್ತ ಹೇಳುತ್ತ ಅವರೂ ನಕ್ಕರು. ಒಳಗಿಂದ ಬೀಗರು, ಅಂದರೆ ಅಕ್ಕನ ಮಾವನವರು, ಎರಡು ತಟ್ಟೆ ಉಪ್ಪಿಟ್ಟು ಹಿಡಿದು ಬಂದರು. "ನೀವು ಒಳಗೆ ಬರಲ್ಲ ಅಂದ್ರೆ ನಾನೇ ನಿಮ್ಮನೆಗೆ ಬರ್ತೀನಿ" ಎಂದು ಇನ್ನೊಂದು ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕುಳಿತರು. ಅಪ್ಪ ಬಲಗಾಲಲ್ಲಿ ಎಂಜಿನ್ ನೋಡಿಕೊಳ್ಳುತ್ತ, ತಟ್ಟೆಯನ್ನು ಸ್ಟೀರಿಂಗಿಗೆ ಒರಗಿಸಿಕೊಂಡು ಉಪ್ಪಿಟ್ಟು ತಿಂದರು. ನಾನು ಒದ್ದೆ ಗೋಣಿ ಹಿಡಿದು ರೇಡಿಯೇಟರಿನ ಮುಚ್ಚಳ ತೆಗೆದು ನೀರು ಹಾಕಿದೆ. ಬೀದಿಯ ಜನ ಜಗುಲಿಗಳಿಗೆ ಬಂದು ನಿಂತಿದ್ದರು. ಬೀಗರಿಗೆ ಕೆಳಗಿಳಿಯಲು ಮನಸ್ಸೇ ಇರಲಿಲ್ಲ.

ಅಕ್ಕ ಹೊಸಿಲು ದಾಟಿದಾಗ ಸರಿಯಾಗಿ ಒಂಬತ್ತೂವರೆ ಎಂದು ಅವರ ಮನೆಯ ಗಡಿಯಾರ ತೋರಿಸುತ್ತಿತ್ತು. ಅಪ್ಪನ ಕೈಗಡಿಯಾರದಲ್ಲಿ ಒಂಬತ್ತು ಐವತ್ತೈದು. ಅತ್ತೆಮನೆಯ ಗಡಿಯಾರವೇ ನಿಧಾನ ಎನ್ನುತ್ತಾಳೆ ಅಕ್ಕ. ಅವಳ ಅತ್ತೆಯೇ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ್ದರೆಂದು ನನ್ನ ಅನುಮಾನ, ಅದಕ್ಕಾಗಿ ಅವರ ಮೇಲೆ ನನ್ನ ಗೌರವ ಹೆಚ್ಚೇ ಆಗಿದೆ.

ಬರುವಾಗ ಅಪ್ಪ ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಬಿಟ್ಟರು. ಪ್ರತಿ ಹಳ್ಳಕ್ಕೂ ಮೊದಲೇ ಗೇರು ಇಳಿಸಿ, ಉಸಿರು ಹಿಡಿದು ದಾಟಿಸುತ್ತಿದ್ದರು. ಪೊಲೀಸಿನವನು ಕೈ ಅಡ್ಡ ಮಾಡಿದಾಗೊಮ್ಮೆ ಎಂಜಿನ್ನಿನ ಸದ್ದು ಕುಗ್ಗಿತು. ಅಪ್ಪ, "ಬೇಡ ಮಗಾ, ಬೇಡ" ಎಂದು ಗೊಣಗಿದರು. ನನಗೆ ಹೇಳಿದ್ದೋ ಕಾರಿಗೆ ಹೇಳಿದ್ದೋ ಗೊತ್ತಿಲ್ಲ. ಸದ್ದು ಮತ್ತೆ ಮೇಲೆದ್ದಿತು. ತಿರುಗಿ ನೋಡಿದರೆ ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಮೇಲೆತ್ತಿಕೊಂಡು, ಮೂಲೆಗೆ ಒರಗಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಮಾಡುತ್ತಿದ್ದಳು.

ಮನೆಯ ಮುಂದೆ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎದೆಯ ಮೇಲೆ ಗಲ್ಲವಿಟ್ಟ ಮಗಳನ್ನು ಕಿಟಕಿಯಲ್ಲಿ ಕಂಡು ತಟ್ಟೆ ಹಿಡಿದೇ ಕಾರಿನ ಬಳಿಗೆ ಧಾವಿಸಿದಳು. "ಏನಾಯ್ತು ಇವಳ್ಗೆ?"

ಅಕ್ಕ ಕಣ್ಣುಜ್ಜಿಕೊಂಡಳು. "ಆಗ್ಲೇ ಮನೆ ಬಂತಾ? ನಿದ್ದೆ ಹತ್ತಿಬಿಟ್ಟಿತ್ತಮ್ಮ. ಅಲ್ಲಿ ರಾತ್ರಿಯೆಲ್ಲ ಬೆನ್ನುನೋವು, ಕಣ್ಣು ಮುಚ್ಚೋಕಾಗ್ತಿರ್ಲಿಲ್ಲ. ಇದ್ರಲ್ಲಿ ತೊಟ್ಟಿಲಲ್ಲಿದ್ದ ಹಾಗಿತ್ತು."

ಅಮ್ಮ ಆರತಿ ಎತ್ತಿ, ಮಗಳನ್ನು ಇಳಿಸಿಕೊಂಡು ಒಳಗೆ ಹೋದಳು. ಆಗಲೇ ಅಪ್ಪ ಕಾಲು ತೆಗೆದದ್ದು. ಕಾರು ಒಂದು ಸಲ ನಡುಗಿ ಸುಮ್ಮನಾಯಿತು. ಅವರ ಕಾಲು ಜೋಮು ಹಿಡಿದಿತ್ತು, ನಾನು ತೋಳು ಕೊಟ್ಟು ಇಳಿಸಿದೆ.

ಸಾಯಂಕಾಲ ಸಾಹುಕಾರರು ಬಂದರು. ಜರಿಯ ರುಮಾಲು, ಜೊತೆಗೆ ಕಾರು ಬಿಡಲು ಒಬ್ಬ ಡ್ರೈವರನ್ನೂ ಕರೆತಂದಿದ್ದರು. ಅಪ್ಪ ಕುರ್ಚಿಯಿಂದ ಏಳುವಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು.

"ಕಾರು ಕೊಡೋದಿಲ್ಲ ಸಾಹುಕಾರ್ರೇ. ದಿನ ತುಂಬಿದ ಮಗಳು ಮನೇಲಿದಾಳೆ. ಹೊತ್ತಲ್ಲದ ಹೊತ್ತಲ್ಲಿ ನೋವು ಬಂದ್ರೆ ಜಟಕಾದಲ್ಲಿ ಕೂರ್ಸೋಕಾಗತ್ತಾ?"

ಸಾಹುಕಾರರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡುತ್ತಿದ್ದರು.

"ಅಲ್ಲಮ್ಮ, ಹೋದ್ವಾರ ತಾವೇ ಅಲ್ವಾ ಹೇಳಿ ಕಳ್ಸಿದ್ದು, ಬೇಗ ಬಂದು ತಗೊಂಡ್ಹೋಗಿ ಅಂತ?"

"ಹೌದು, ನಾನೇ" ಎಂದಳು ಅಮ್ಮ. "ಕಾಫಿ ಕುಡ್ಕೊಂಡು ಹೋಗಿ. ನಿಮ್ಮ ಡ್ರೈವರ್‌ಗೂ ಒಂದು ಲೋಟ ತರ್ತೀನಿ. ಅಷ್ಟರಲ್ಲಿ ಅವರು ಆ ಸೆಲ್ಫು ಒಂದು ಸಲ ನೋಡ್ತಾರಾ, ಕೇಳಿ."