ಕೊಸರು ವೋಟಿನ ಮೆಂಬರು

ಎದುರು ಮನೆಯ ನಟರಾಜು ನಾಮಪತ್ರದ ಹಾಳೆ ಹಿಡಿದು ಒಳಗೆ ಬಂದರೂ ಮುದ್ದಯ್ಯ ಮಿಷಿನ್ ನಿಲ್ಲಿಸಲಿಲ್ಲ. ರಾಗಿ ಹಿಟ್ಟಿನ ದೂಳು ಇಬ್ಬರ ಮುಖಕ್ಕೂ ಹಾರುತ್ತಿತ್ತು. ಬಿಳಿಕೆರೆಯಿಂದ ಎರಡು ಮೈಲಿ ಒಳಗಿನ ಆ ಊರಿನಲ್ಲಿ ಮುದ್ದಯ್ಯನದು ಹಿಟ್ಟಿನ ಮಿಲ್ಲು. ಮೂರು ಸಲ ಪಂಚಾಯ್ತಿ ಮೆಂಬರಾದವನು.

"ಸೈನ್ ಆಕಣ್ಣ. ನಮ್ ಬೀದಿ ಕೊಸರು ಯಾವತ್ತಿದ್ರೂ ನಿಂದೇ," ಎಂದ ನಟರಾಜು.

ಕೊಸರು ಎಂದರೆ ಅಳೆದು ಕೊಟ್ಟ ಮೇಲೆ ಪುಕ್ಕಟೆ ಹಾಕುವ ಒಂದು ಹಿಡಿ. ಅವರ ವಾರ್ಡಿಗೆ ಮೂರು ಸೀಟು, ಆದ್ದರಿಂದ ಒಬ್ಬೊಬ್ಬರಿಗೂ ಮೂರು ವೋಟು. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದರೂ ಊರಿನ ಎರಡು ದೊಡ್ಡ ಪಾರ್ಟಿಗಳಲ್ಲಿ ಯಾರು ಯಾವ ಕಡೆ ಎಂಬುದು ಕೂಸಿಗೂ ಗೊತ್ತು. ಜನ ಈ ಕಡೆಗೊಂದು, ಆ ಕಡೆಗೊಂದು ಹಾಕಿ ಇಬ್ಬರ ಮುಖವನ್ನೂ ಉಳಿಸುತ್ತಾರೆ. ಉಳಿದ ಒಂದು ರೈತರ ಸಣ್ಣ ಪಕ್ಷದ ಮುದ್ದಯ್ಯನಿಗೆ. ಎರಡೂ ಕಡೆಯವರ ವೋಟು ಅವರವರ ಹುರಿಯಾಳುಗಳಲ್ಲೇ ಹಂಚಿಹೋಗಿ, ಮೂರು ಸಲವೂ ಅವನೇ ಮೊದಲಿಗನಾಗಿ ಗೆದ್ದ.

ಆ ಗೆಲುವೇ ಅವನನ್ನು ಕೆಡಿಸಿತು. ಊರೇ ನನ್ನದು ಎಂದುಕೊಂಡು ಕಳೆದ ಸಲ ವಿಧಾನಸಭೆಗೆ ನಿಂತ. ಕಾಲು ಬೊಕ್ಕೆ ಬರುವಂತೆ ಹಳ್ಳಿ ಹಳ್ಳಿ ಸುತ್ತಿದ. ಹೋದಲ್ಲೆಲ್ಲ ಕಾಫಿ ಕೊಟ್ಟು ಒಂದೇ ಮಾತು ಆಡಿದರು: "ನೀನು ಒಳ್ಳೆ ಮನ್ಸ ಕಣಣ್ಣ. ಆದ್ರೆ ಇಲ್ಲಿರೋದು ಒಂದೇ ವೋಟು. ಅದ್ನೂ ಆಳ್ ಮಾಡ್ಕಳಾದಾ?" ಮತಯಂತ್ರದಲ್ಲಿ ಒಂಬತ್ತು ಹೆಸರಿದ್ದವು, ಲೆಕ್ಕಕ್ಕಿದ್ದದ್ದು ದೊಡ್ಡ ಪಕ್ಷಗಳ ಎರಡು; ಅದರಲ್ಲೊಬ್ಬ ಮರಳು ದಂಧೆಯವನು. ಮತದಾನಕ್ಕೆ ನಾಲ್ಕು ದಿನ ಇರುವಾಗ ಅವನ ಪಕ್ಷದ ತಾಲ್ಲೂಕು ಅಧ್ಯಕ್ಷನೇ ದೊಡ್ಡ ಪಕ್ಷದ ವೇದಿಕೆ ಹತ್ತಿ ಹಾರ ಹಾಕಿಸಿಕೊಂಡ.

ಪಂಚಾಯ್ತಿಯಲ್ಲಿ ನಾನೂರು ವೋಟು ಕೊಟ್ಟಿದ್ದ ಅದೇ ಬೀದಿಗಳು ಅವನಿಗೆ ಹನ್ನೊಂದು ಕೊಟ್ಟವು.

ಅಂದಿನಿಂದ ಮುದ್ದಯ್ಯನಿಗೆ ಊರೆಂದರೆ ಹೇಸಿಗೆ. ರಾಗಿ ತಂದವರ ಮುಖ ನೋಡುತ್ತಿರಲಿಲ್ಲ, ಚೀಲ ಹಿಡಿದ ಕೈ ನೋಡುತ್ತಿದ್ದ. ಈ ಬೆರಳು ಯಾರಿಗೊತ್ತಿತು? ಇನ್ನೊಮ್ಮೆ ಈ ಜನರ ಕೊಸರಿಗೆ ಕೈಯೊಡ್ಡಬೇಕೆ ಎಂಬುದೊಂದೇ ಈಗ ಅವನ ಮುಂದಿದ್ದ ಪ್ರಶ್ನೆ.

ಮಿಷಿನ್ ಆರಿಸಿದ. "ನಿಮ್ ಕೊಸರ್ನ ನಾಯ್ಗಾಕ್ರುಲಾ. ಒಂದಿದ್ದಾಗ ಕೊಡ್ದೋರು ಮೂರಿದ್ದಾಗ ಕೊಡಾಕ್ ಬತ್ತೀರಾ? ಥೂ!"

"ಸಿಟ್ಯಾಕಣ್ಣ? ಒಂದೇ ಇದ್ರೆ ಗೆಲ್ಲೋನ್ಗಾಕ್ಬೇಕು. ಇಲ್ದಿದ್ರೆ ಬರಬಾರ್ದೋನು ಬತ್ತಾನೆ."

ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಹೆಂಡತಿ ಕುಳ್ಳಮ್ಮ ತಲೆಯೆತ್ತದೆ ಹೇಳಿದಳು: "ಅವನ್ನ ಯಾಕ್ ಬಯ್ತೀರಿ? ನಾನೂ ನಿಮ್ಗಾಕ್ನಿಲ್ಲ."

ಜರಡಿ ಆಡಿಸುತ್ತಲೇ ಅವಳೇ ಮುಂದುವರಿಸಿದಳು:

"ಆ ಮರಳು ದಂಧೆಯೋನು ಗೆದ್ಬುಟ್ರೆ ಗತಿಯೇನು ಅಂತ ಎದ್ರುಕಂಡು, ಅವನ್ ಎದುರಾಳಿಗೆ ಒತ್ತಿದೆ. ಕೊನೇಗೆ ಗೆದ್ದವ್ನೂ ಅಂತೋನೇ, ಬುಡಿ."

ಮುದ್ದಯ್ಯ ತನ್ನ ಬೆರಳನ್ನೇ ನೋಡಿಕೊಂಡ. ಆ ಮತದಾನದ ದಿನ ಮತಗಟ್ಟೆಯ ರಟ್ಟಿನ ಮರೆಯಲ್ಲಿ ಅವನ ಬೆರಳು ಐದನೆಯ ಸಾಲಿನ ತನ್ನದೇ ಹೆಸರಿನ ಮುಂದೆ ನಿಂತಿತ್ತು. ಅದೇ ಮರಳಿನವನ ಮುಖ ಕಣ್ಣಿಗೆ ಕಟ್ಟಿತು. ಹೇಗಿದ್ದರೂ ಸೋಲುವವನಿಗೆ ಇದೊಂದು ಯಾಕೆ ದಂಡ ಎನ್ನಿಸಿತು. ಬೆರಳು ಎರಡು ಸಾಲು ಮೇಲೆ, ಮರಳಿನವನ ಎದುರಾಳಿಯ ಹೆಸರಿಗೆ ಸರಿಯಿತು. ಆ ಹನ್ನೊಂದರಲ್ಲಿ ಅವನದೂ ಇರಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಟವಲಿಗೆ ಕೈ ಒರೆಸಿಕೊಂಡ. ಹಿಟ್ಟು ಹೋಗಲಿಲ್ಲವೆಂಬಂತೆ ಮತ್ತೆ ಒರೆಸಿಕೊಂಡ.

"ಕೊಡ್ಲಾ ಇಲ್ಲಿ," ಎಂದು ಹಾಳೆ ಕಿತ್ತುಕೊಂಡು ಸಹಿ ಗೀಚಿದ.

ನಟರಾಜುವಿಗೆ ಜೀವ ಬಂತು. "ಮುಂದಿನ್ ಸಲ ಎಂ.ಎಲ್.ಎ.ಗೂ ನಿಂತ್ಕೊಳಣ್ಣ!"

"ನಂಗೆ ನಾನೇ ಆಕಾಕಿಲ್ಲ ಕಣ್ಲಾ."

ತಮಾಷೆಯೆಂದು ನಟರಾಜು ಹೊಟ್ಟೆ ಹಿಡಿದು ನಕ್ಕ. ಕುಳ್ಳಮ್ಮ ನಗಲಿಲ್ಲ. ಜರಡಿ ನಿಲ್ಲಿಸಿ ಗಂಡನನ್ನೇ ನೋಡಿದಳು.