ಆ ಗೋಡೆಗೆ ನಾನು ಹಾಕದ ನೀರು

ಕಾರ್ಕಳದಿಂದ ಒಳಗೆ ಹೊಳೆಗೆ ಸಣ್ಣ ಅಣೆಕಟ್ಟು ಕಟ್ಟುವಾಗ ಗದಗ ಕಡೆಯಿಂದ ಬಂದವರಲ್ಲಿ ನಾನೂ ನನ್ನ ಅಣ್ಣನೂ ಇದ್ದೆವು. ಅಣ್ಣ ಕಾಂಕ್ರೀಟ್ ಮೇಸ್ತ್ರಿ. ನನ್ನದು ನೀರು ಹಾಕುವ ಕೆಲಸ. ಹೊಸ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ, ಅದು ಒಣಗದಂತೆ ಪೈಪು ಹಿಡಿದು ನೆನೆಸುತ್ತಿರಬೇಕು, ಒಣಗಿದರೆ ಬಿರುಕು ಬಿಡುತ್ತದೆ. ಮೂರನೇ ಕ್ಲಾಸು ಓದಿದವಳಿಗೆ ಸಾಕಾಗುವ ಕೆಲಸ, ಓದದಿದ್ದರೂ ಸಾಕು.

ಪವರ್‌ಹೌಸಿಗೆ ನೀರು ಹೋಗುವ ಕಾಲುವೆಯ ಗೋಡೆಯನ್ನು ಅಣ್ಣನ ಗುಂಪು ಎರಕ ಹಾಕಿದ ಮರುದಿನ ನಾನು ಬಸ್ಸು ಹತ್ತಿ ಕಾಪುವಿಗೆ ಹೋದೆ. ನಾನು ಅದುವರೆಗೆ ಸಮುದ್ರ ನೋಡಿರಲಿಲ್ಲ. ಊಟಕ್ಕೆ ಬಿಟ್ಟಾಗ ಹೋಗಿ ಬೇಗ ಬರುವುದೆಂದುಕೊಂಡಿದ್ದೆ. ಆದರೆ ಸಮುದ್ರದ ಮುಂದೆ ಕೂತವಳಿಗೆ ಏಳಲು ಮನಸ್ಸಾಗಲಿಲ್ಲ. ಅಷ್ಟು ನೀರು ನೋಡುತ್ತಾ ನನ್ನ ಪೈಪಿನ ನೀರು ಮರೆತೇ ಹೋಯಿತು. ಬಂದಾಗ ಸಂಜೆ. ಏಪ್ರಿಲ್ ಬಿಸಿಲಿಗೆ ಗೋಣಿಚೀಲ ಹಪ್ಪಳವಾಗಿತ್ತು. ಎರಡು ದಿನಕ್ಕಾಗುವಷ್ಟು ನೀರನ್ನು ಒಮ್ಮೆಗೇ ಸುರಿದೆ. ನೀರು ಹೊಡೆದೆಯಾ ಎಂದು ಅಣ್ಣ ಕೇಳಿದ. ಮೂರು ಸಲ ಹೊಡೆದೆ ಎಂದೆ.

ವಾರದಲ್ಲಿ ಗೋಡೆಯ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಮಾಲು ಸರಿಯಾಗಿ ಕಲಸಿಲ್ಲ ಎಂದು ಇಂಜಿನಿಯರರು ಎಲ್ಲರೆದುರು ಅಣ್ಣನನ್ನು ಬೈದು, ಕಲ್ಲು ಜೋಡಿಸುವ ಕಡೆಗೆ ಕಳಿಸಿದರು. ಬಿರುಕಿಗೆ ತೇಪೆ ಬಿತ್ತು, ಗೋಡೆ ಗಟ್ಟಿಯಾಗಿಯೇ ಉಳಿಯಿತು. ಗಟ್ಟಿಯಾಗಿ ಉಳಿಯದವನು ಅಣ್ಣ. ಅಂದಿನಿಂದ ಬಾವಿ, ಟಾಕಿ, ತಾರಸಿ, ನೀರು ನಿಲ್ಲುವ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಕಂಪೌಂಡು, ಗಿಲಾವು ಅಷ್ಟೇ. ಕರೆಂಟು ಹೋದಾಗಲೆಲ್ಲ, "ನನ್ನ ಗೋಡಿ ಮತ್ತ ಸೀಳ್ತೇನೋ" ಎಂದು ನಗುತ್ತಾನೆ. ಆಗ ಮೇಣದ ಬತ್ತಿ ಹುಡುಕಲು ನನಗಿಂತ ಚುರುಕಿನವರು ಈ ಜಿಲ್ಲೆಯಲ್ಲಿಲ್ಲ.

ಹೀಗೆ ಹತ್ತು ವರ್ಷ. ಈಗ ಆ ಅಣೆಕಟ್ಟಿನಲ್ಲಿ ನಿಂತ ನೀರಿನಲ್ಲಿ ಪೆಡಲ್ ಬೋಟು ಬಿಟ್ಟಿದ್ದಾರೆ. ಮಣಿಪಾಲದ ಕಾಲೇಜು ಹುಡುಗರು ದಂಡುಗಟ್ಟಿ ಬರುತ್ತಾರೆ. ಕಳೆದ ಭಾನುವಾರ ಅತ್ತಿಗೆಯ ಹಟಕ್ಕೆ ನಾವೂ ಹೋದೆವು. ನೀರು ಕಂಡು ಹೆದರಿ ಅತ್ತಿಗೆ ದಡದಲ್ಲೇ ಕೂತಳು. ನಾನೂ ಅಣ್ಣನೂ ಬೋಟು ತುಳಿಯುತ್ತಾ ನಡುನೀರಿಗೆ ಹೋದೆವು. ಆಗ ಶಿರ್ವದ ದೊಡ್ಡ ಮನೆಯೊಂದರ ಯಜಮಾನರ ಫೋನು ಬಂತು, ನೀರಿನ ಟಾಕಿ ಕಟ್ಟಿಕೊಡಲು. ವಾರದಲ್ಲಿ ಮೂರನೇ ಸಲ ಕೇಳುತ್ತಿದ್ದರು. ಅಣ್ಣ ಆಗುವುದಿಲ್ಲವೆಂದು ಇಟ್ಟುಬಿಟ್ಟ.

"ಯಾಕ ಬ್ಯಾಡಂದಿ?" ಎಂದೆ.

ಅವನು ಕಾಲುವೆಯ ಬಾಯಲ್ಲಿ ಕಾಣುತ್ತಿದ್ದ ಆ ಗೋಡೆಯ ತೇಪೆಯ ಕಡೆ ಗದ್ದ ಎತ್ತಿ ತೋರಿಸಿದ. "ಅಲ್ಲೇ ಬರದೈತಲ್ಲವಾ, ನನ್ನ ಕೈ ಎಂಥಾದ್ದಂತ."

ನಡುನೀರಿನಲ್ಲಿ ಅವನು ಎದ್ದು ಹೋಗುವಂತಿಲ್ಲ, ನಾನೂ ಓಡುವಂತಿಲ್ಲ.

"ಅಣ್ಣಾ, ಆ ಗೋಡಿಗೆ ನಾ ನೀರ ಹಾಕಿದ್ದಿಲ್ಲ."

"ಯಾವಾಗ?"

"ಹಾಕಬೇಕಾದಾಗ. ಕಾಪುಕ್ಕ ಹೋಗಿದ್ದೆ. ಸಮುದ್ರ ನೋಡಾಕ."

ಅವನ ಕಾಲು ನಿಂತಿತು. "ಮೂರ ಸಲಾ ಹೊಡದೀನಿ ಅಂದಿದ್ದಿ."

"ಸುಳ್ಳ."

"ಸುಳ್ಳ ಹೇಳಾಕೂ ಮೂರಂತ ಲೆಕ್ಕಾನ?" ಎಂದ. ತನ್ನ ಅಂಗೈ ತಿರುಗಿಸಿ ನೋಡಿಕೊಂಡು, "ಹತ್ತ ವರ್ಷ ನನ್ನ ಕೈನ ಕೆಟ್ಟದ್ದಂತ ತಿಳ್ಕೊಂಡಿದ್ನಲ್ಲ ತಂಗಿ" ಎಂದ.

ದಡದಿಂದ ಬೋಟಿನವರು ಕೂಗಿದರು: "ಎಂತ ಮಾರಾಯ್ರೆ, ಅಲ್ಲೇ ಮನೆ ಮಾಡುವ ಅಂದಾಜು ಉಂಟಾ? ತುಳಿಯಿರಿ."

ನಾನು ತುಳಿದೆ. ಅಣ್ಣ ಸ್ಟಿಯರಿಂಗ್ ಮಾತ್ರ ಹಿಡಿದು ಬೋಟನ್ನು ಗೋಡೆಯ ಉದ್ದಕ್ಕೂ ನಡೆಸಿದ. ತೇಪೆ ದಾಟಿದ ಮೇಲೆ ಉಳಿದ ಗೋಡೆಯನ್ನು ಒಂದೊಂದೇ ಮೊಳ ನೋಡುತ್ತಾ, "ಮಾಲ ಬೇಷ್ ಐತಿ" ಎಂದ, ಬೇರೆ ಯಾರದೋ ಕೆಲಸ ಹೊಗಳುವವನಂತೆ. ಆಮೇಲೆ ಫೋನು ತೆಗೆದ.

"ಯಜಮಾನ್ರ, ಟಾಕಿ ನಾನ ಕಟ್ಟತೀನ್ರಿ. ಹೌದ್ರಿ, ಸೋಮವಾರ ಬರ್ತೀನಿ. ನೀರ ಹಾಕಾಕ ಮಾತ್ರ ನಿಮ್ಮ ಊರಿನವರನ್ನ ನೋಡ್ರಿ. ನಮ್ಮ ಮನಿಯಿಂದ ಯಾರೂ ಬರಂಗಿಲ್ಲ."

ಫೋನು ಜೇಬಿಗಿಟ್ಟು ಕಾಲನ್ನು ಪೆಡಲಿನ ಮೇಲಿಟ್ಟ. ತುಳಿಯಲಿಲ್ಲ.